ರಕ್ತಪಿಶಾಚಿಯನ್ನು ಕೊನೆಗಾಣಿಸುವ ಅಧಿಕಾರ ಯಾರದು?

ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ಕಾದಂಬರಿಯ ಕೊನೆಯಲ್ಲಿ ಡ್ರಾಕುಲಾನ ಎದೆಗೆ ಮರದ ಗೂಟ ಇಳಿಯುವುದಿಲ್ಲ. ಇಳಿಯಿತೆಂದೇ ಅನೇಕ ಓದುಗರು ನೆನಪಿಟ್ಟುಕೊಂಡಿರುತ್ತಾರೆ. ಸಿನಿಮಾಗಳು ಆ ನೆನಪಿನ ಮೇಲೆ ತಮ್ಮ ಚಿತ್ರವನ್ನು ಅಂಟಿಸಿಬಿಟ್ಟಿವೆ. ಪಠ್ಯದಲ್ಲಿರುವುದು ಎರಡು ಚೂರಿಗಳು. ನವೆಂಬರ್ 6ರಂದು, ಹೊತ್ತು ಮುಳುಗುವ ಗಳಿಗೆಯಲ್ಲಿ, ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದ ವಕೀಲ ಜೊನಾಥನ್ ಹಾರ್ಕರ್ ತನ್ನ ಕುಕ್ರಿಯಿಂದ ಡ್ರಾಕುಲಾನ ಗಂಟಲು ಸೀಳುತ್ತಾನೆ. ಅದೇ ಕ್ಷಣ ಟೆಕ್ಸಾಸಿನ ಕ್ವಿನ್ಸಿ ಮಾರಿಸ್ ತನ್ನ ಬೋವಿ ಚಾಕುವನ್ನು ಎದೆಗೆ ಚುಚ್ಚುತ್ತಾನೆ. ದೇಹ ಧೂಳಾಗಿ ಉದುರುತ್ತದೆ. ಕುಕ್ರಿ ಗೂರ್ಖರ ಆಯುಧ. ಗೂರ್ಖರು 1815ರಿಂದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲೂ ಆಮೇಲೆ ಬ್ರಿಟಿಷ್ ಭಾರತೀಯ ಸೇನೆಯಲ್ಲೂ ಇದ್ದವರು. ಕಾಗದಪತ್ರ ನೋಡಿಕೊಂಡಿದ್ದ ಒಬ್ಬ ವಕೀಲನ ಸೊಂಟಕ್ಕೆ ಆ ಆಯುಧ ಹೇಗೆ ಬಂತೆಂದು ವಿವರಿಸುವ ಗೋಜಿಗೆ ಸ್ಟೋಕರ್ ಹೋಗುವುದಿಲ್ಲ. ಆ ಕಾಲದ ಇಂಗ್ಲಿಷ್ ಓದುಗನಿಗೆ ವಿವರಣೆ ಬೇಕಾಗಿಯೂ ಇರಲಿಲ್ಲ. ಯುರೋಪಿನ ಅಂಚಿನಿಂದ ಲಂಡನ್ನಿಗೆ ನುಗ್ಗಿದ ಪಿಶಾಚಿಯನ್ನು ಕೊಲ್ಲಲು ಸಾಮ್ರಾಜ್ಯದ ಒಂದು ಅಂಚಿನಿಂದ ಬಂದ ಆಯುಧವೂ ಅಮೆರಿಕದ ಗಡಿನಾಡಿನಿಂದ ಬಂದ ಆಯುಧವೂ ಒಟ್ಟಿಗೆ ಎತ್ತಲ್ಪಟ್ಟವು.

ಈ ಟಿಪ್ಪಣಿ ಹುಟ್ಟಿದ್ದು ಆ ವಿವರದಿಂದ. ವ್ಯಾಂಪೈರ್ ಕುರಿತ ವಿಮರ್ಶೆಯಲ್ಲಿ ನನಗೆ ಬಹಳ ಕಾಲದಿಂದ ಒಂದು ತೊಡಕು ಕಾಣುತ್ತಿದೆ. ಆ ಜೀವಿ ಯಾವ ಅರ್ಥಕ್ಕಾದರೂ ಒಗ್ಗುತ್ತದೆ. ಫ್ರಾಂಕೊ ಮೊರೆಟ್ಟಿಗೆ ಡ್ರಾಕುಲಾ ಏಕಸ್ವಾಮ್ಯ ಬಂಡವಾಳ. ಸ್ಟೀಫನ್ ಅರಾಟಾ 1990ರ ಲೇಖನದಲ್ಲಿ ಅವನನ್ನು ಮಗುಚಿಬಿದ್ದ ವಸಾಹತುಶಾಹಿಯೆಂದು ಓದಿದರು: ತಾವು ಬೇರೆಯವರ ನಾಡಿಗೆ ಮಾಡಿದ್ದು ತಮ್ಮ ನಾಡಿಗೇ ತಿರುಗಿಬಂದೀತೆಂಬ ಬ್ರಿಟಿಷರ ದಿಗಿಲು. ಅದುಮಿಟ್ಟ ಕಾಮವೆಂದೂ ಸಾಂಕ್ರಾಮಿಕ ರೋಗವೆಂದೂ ವಲಸಿಗರ ಭಯವೆಂದೂ ಓದಿದವರಿದ್ದಾರೆ. ನೀನಾ ಔರ್‌ಬಾಕ್ 1995ರ ತಮ್ಮ ಪುಸ್ತಕದಲ್ಲಿ, ಪ್ರತಿಯೊಂದು ಕಾಲವೂ ತನಗೆ ತಕ್ಕ ವ್ಯಾಂಪೈರನ್ನು ಪಡೆಯುತ್ತದೆಂದು ವಾದಿಸಿದರು. ಈ ಯಾವ ಓದನ್ನೂ ತಳ್ಳಿಹಾಕುವಂತಿಲ್ಲ. ಆದರೆ ಎಲ್ಲವೂ ಸರಿಯೆಂದಾದಾಗ, ಒಂದು ಓದು ಇನ್ನೊಂದಕ್ಕಿಂತ ಹೆಚ್ಚು ಗಟ್ಟಿ ಎಂದು ಯಾವ ಆಧಾರದ ಮೇಲೆ ಹೇಳುವುದು?

ನನ್ನ ಸೂಚನೆ ಸಣ್ಣದು. ಕಚ್ಚುವಿಕೆಯನ್ನು ಬಿಟ್ಟು ಕೊನೆಯನ್ನು ಓದೋಣ. ನೆತ್ತರು ಹೀರುವ ಕ್ರಿಯೆ ಕಥೆಯಿಂದ ಕಥೆಗೆ ಅಷ್ಟೇನೂ ಬದಲಾಗುವುದಿಲ್ಲ; ಪರಿಹಾರ ಮಾತ್ರ ಪ್ರತಿ ಸಲವೂ ಬದಲಾಗುತ್ತದೆ. ಇದು ವ್ಯಾಂಪೈರ್ ಎಂದು ಗುರುತಿಸುವವರು ಯಾರು, ಕೊಲ್ಲಲು ಅನುಮತಿ ಕೊಡುವವರು ಯಾರು, ಆಯುಧ ಯಾವುದು ಎಂದು ಕೇಳಿದರೆ, ಆ ಸಮಾಜ ಯಾರ ಮಾತನ್ನು ನಂಬುತ್ತಿತ್ತು ಎಂಬುದು ಕಾಣಸಿಗುತ್ತದೆ. ಭಯದ ಅರ್ಥವನ್ನು ಊಹಿಸಬೇಕಾಗುತ್ತದೆ. ನಂಬಿಕೆಯ ಅರ್ಥ ಕೃತಿಯಲ್ಲೇ ಬರೆದಿರುತ್ತದೆ.

ಈ ಪ್ರಶ್ನೆಗಳಿಗೆ ಅತ್ಯಂತ ಹುಲುಸಾದ ಸಾಮಗ್ರಿ ಸಿಗುವುದು ಸಾಹಿತ್ಯದಲ್ಲಲ್ಲ, ಸರ್ಕಾರಿ ದಾಖಲೆಗಳಲ್ಲಿ. 1718ರ ಪಾಸರೋವಿಟ್ಜ್ ಒಪ್ಪಂದದಂತೆ ಉತ್ತರ ಸರ್ಬಿಯಾ ಆಟೊಮನ್ ತುರ್ಕರ ಕೈಯಿಂದ ಹಾಬ್ಸ್‌ಬರ್ಗ್ ದೊರೆಗಳ ಕೈಗೆ ಬಂತು. 1739ರವರೆಗೆ ಅವರ ಹಿಡಿತದಲ್ಲಿತ್ತು. ಹೊಸ ಅಧಿಕಾರಿಗಳು, ಹಳೆಯ ಹಳ್ಳಿಗಳು. 1725ರಲ್ಲಿ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೀಟರ್ ಪ್ಲೊಗೊಯೊವಿಟ್ಜ್ ಎಂಬ ರೈತ ಸತ್ತ. ಅವನನ್ನು ಹೂಳಿದ ಮೇಲೆ ಎಂಟು ದಿನಗಳೊಳಗೆ ಒಂಬತ್ತು ಮಂದಿ ಸತ್ತರು. ಪೀಟರ್ ನಿದ್ದೆಯಲ್ಲಿ ಬಂದು ತಮ್ಮ ಮೇಲೆ ಮಲಗಿ ಕತ್ತು ಹಿಸುಕಿದನೆಂದು ಅವರು ಸಾಯುವ ಮುಂಚೆ ಹೇಳಿದ್ದರು. ಅವನ ಹೆಂಡತಿ, ಗಂಡ ಬಂದು ತನ್ನ ಪಾದರಕ್ಷೆ ಕೇಳಿದನೆಂದು ಹೇಳಿ ಊರನ್ನೇ ಬಿಟ್ಟು ಹೋದಳು.

ಆ ಪ್ರಾಂತದ ಅಧಿಕಾರಿ ಫ್ರೋಂಬಾಲ್ಡ್ ಬರೆದ ವರದಿ ಅದೇ ವರ್ಷ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಹೆಣದ ವರ್ಣನೆಗಿಂತ ಹೆಚ್ಚಾಗಿ ಊರವರಿಗೂ ಅಧಿಕಾರಿಗೂ ನಡೆದ ವಾಗ್ವಾದ. ಬೆಲ್‌ಗ್ರೇಡಿನಿಂದ ಅನುಮತಿ ಬರುವವರೆಗೆ ಗೋರಿ ಅಗೆಯಕೂಡದೆಂದು ಆತ ಹೇಳಿದ. ಅನುಮತಿ ಬರುವಷ್ಟರಲ್ಲಿ ಊರಿಗೆ ಊರೇ ನಾಶವಾದೀತು, ತುರ್ಕರ ಕಾಲದಲ್ಲಿ ಹಾಗೆಯೇ ಆಗಿತ್ತು, ಬಿಡದಿದ್ದರೆ ಮನೆಮಠ ಬಿಟ್ಟು ಹೊರಡುತ್ತೇವೆ ಎಂದು ಊರವರು ಪಟ್ಟು ಹಿಡಿದರು. ಗುಳೆ ಹೋಗುವ ಬೆದರಿಕೆ ಕಂದಾಯ ವಸೂಲಿಯ ಅಧಿಕಾರಿಗೆ ಸಣ್ಣದಲ್ಲ. ಆತ ಪಾದ್ರಿಯನ್ನು ಕರೆದುಕೊಂಡು ಹೋದ. ಹೆಣ ಕೊಳೆತಿರಲಿಲ್ಲ, ಹಳೆಯ ಚರ್ಮ ಸುಲಿದು ಹೊಸದು ಬಂದಂತಿತ್ತು, ಬಾಯಲ್ಲಿ ಹಸಿ ನೆತ್ತರಿತ್ತು ಎಂದು ದಾಖಲಿಸಿದ. ಊರವರು ಗೂಟ ಚುಚ್ಚಿ ಸುಟ್ಟರು. ಇದರಲ್ಲಿ ತಪ್ಪಾಗಿದ್ದರೆ ಅದು ತನ್ನದಲ್ಲ, ಭಯದಿಂದ ಬುದ್ಧಿಗೆಟ್ಟ ಜನರದು ಎಂಬ ಅರ್ಥದ ಮಾತಿನೊಂದಿಗೆ ವರದಿ ಮುಗಿಯುತ್ತದೆ. ಗುರುತಿಸಿದವರು ಊರವರು, ಆಯುಧ ಊರವರದು, ಅನುಮತಿ ಮಾತ್ರ ಹೊರಗಿನವನದು, ಅದೂ ಬಲವಂತಕ್ಕೆ.

ಏಳು ವರ್ಷಗಳಲ್ಲಿ ಈ ಸಮತೋಲ ಬದಲಾಯಿತು. ಮೆದ್ವೆಜಾ ಎಂಬ ಊರಿನಲ್ಲಿ ಆರ್ನೋಲ್ಡ್ ಪಾವೊಲೆ ಎಂಬವನು ಹುಲ್ಲುಗಾಡಿಯಿಂದ ಬಿದ್ದು ಕತ್ತು ಮುರಿದು ಸತ್ತಿದ್ದ. ತನ್ನನ್ನು ಹಿಂದೊಮ್ಮೆ ತುರ್ಕರ ಆಳ್ವಿಕೆಯ ಸರ್ಬಿಯಾದಲ್ಲಿ ವ್ಯಾಂಪೈರ್ ಕಾಡಿತ್ತೆಂದೂ ಅದರ ಗೋರಿಯ ಮಣ್ಣು ತಿಂದು, ನೆತ್ತರು ಬಳಿದುಕೊಂಡು ಪಾರಾದೆನೆಂದೂ ಆತ ಹೇಳಿಕೊಂಡಿದ್ದ. ಅವನನ್ನು ಊರವರೇ ಅಗೆದು ಗೂಟ ಹೊಡೆದಿದ್ದರು. 1731-32ರ ಚಳಿಗಾಲದಲ್ಲಿ ಅದೇ ಊರಿನಲ್ಲಿ ಮತ್ತೆ ಸಾಲುಸಾಲು ಸಾವು ಕಂಡಾಗ ರೆಜಿಮೆಂಟಿನ ಶಸ್ತ್ರವೈದ್ಯ ಯೋಹಾನೆಸ್ ಫ್ಲೂಕಿಂಗರ್ ಬಂದ. ಗೋರಿಗಳನ್ನು ತೆಗೆಸಿ, ಒಂದೊಂದೇ ದೇಹವನ್ನು ಕೊಯ್ದು ನೋಡಿ, ನಮ್ಮ ಕಚೇರಿಗಳ ಭಾಷೆಯಲ್ಲಿ ಹೇಳುವುದಾದರೆ ಮಹಜರು ಬರೆದ. ಕೊಳೆತವನ್ನು ಮತ್ತೆ ಗೋರಿಗಿಳಿಸಿದರು. ಕೊಳೆಯದೆ ‘ವ್ಯಾಂಪೈರ್ ಸ್ಥಿತಿಯಲ್ಲಿ’ ಇದ್ದವುಗಳ ತಲೆ ತೆಗೆಸಿ, ಸುಡಿಸಿ, ಬೂದಿಯನ್ನು ಮೊರಾವಾ ನದಿಗೆ ಎಸೆಸಿದರು. ಸೇನಾಧಿಕಾರಿಗಳು ಸಹಿ ಹಾಕಿದರು. ಯಾರು ವ್ಯಾಂಪೈರ್ ಎಂದು ತೀರ್ಮಾನಿಸುವುದು ಈಗ ಊರಿನ ಕೆಲಸವಾಗಿ ಉಳಿಯಲಿಲ್ಲ, ಕೊಯ್ಯುವ ಕತ್ತಿ ಹಿಡಿದ ವೈದ್ಯನ ಕೆಲಸವಾಯಿತು. ಆ ಸಹಿಗಳಿದ್ದುದರಿಂದಲೇ ವರದಿಗೆ ಬೆಲೆ ಬಂತು. ಅದೇ ವರ್ಷ ಅದು ಜರ್ಮನಿ, ಫ್ರಾನ್ಸ್, ಇಂಗ್ಲೆಂಡಿನ ಪತ್ರಿಕೆಗಳಿಗೆ ಹಬ್ಬಿತು.

ಆ ಹೆಣಗಳ ಸ್ಥಿತಿಗೆ ಅಲೌಕಿಕ ಕಾರಣ ಬೇಕಿಲ್ಲವೆಂದು ಪಾಲ್ ಬಾರ್ಬರ್ 1988ರಲ್ಲಿ ವಿವರವಾಗಿ ತೋರಿಸಿದ್ದಾರೆ. ಒಳಗೆ ಅನಿಲ ತುಂಬಿ ದೇಹ ಉಬ್ಬುತ್ತದೆ, ಆ ಒತ್ತಡಕ್ಕೆ ನೆತ್ತರು ಬಾಯಿಗೆ ಬರುತ್ತದೆ. ಮೇಲ್ಚರ್ಮ ಕಳಚಿದಾಗ ಕೆಳಗಿನದು ಹೊಸದರಂತೆ ಕಾಣುತ್ತದೆ. ಗೂಟ ಚುಚ್ಚಿದಾಗ ಹೊರಡುವ ಗಾಳಿ ನರಳಾಟದಂತೆ ಕೇಳಿಸುತ್ತದೆ. ಬಾರ್ಬರ್ ಅವರ ಪುಸ್ತಕದ ನಿಜವಾದ ಮೌಲ್ಯ, ನನ್ನ ಮಟ್ಟಿಗೆ, ಅದು ಊರವರನ್ನು ಮೂಢರೆಂದು ಕರೆಯದಿರುವುದರಲ್ಲಿದೆ. ಅವರು ಕಂಡದ್ದನ್ನು ಸರಿಯಾಗಿಯೇ ಕಂಡಿದ್ದರು.

1755ರಲ್ಲಿ ಮರಿಯಾ ತೆರೇಸಾ ರಾಣಿ ತನ್ನ ಆಸ್ಥಾನವೈದ್ಯ ಗೆರಾರ್ಡ್ ಫಾನ್ ಸ್ವೀಟನ್‌ನ ಸಲಹೆಯ ಮೇರೆಗೆ ಇಂಥ ಹೆಣ ಅಗೆಯುವಿಕೆಯನ್ನೇ ನಿಷೇಧಿಸಿದಳು. ಅಲ್ಲಿಗೆ ಪರಿಹಾರವೆಂದರೆ ಪರಿಹಾರ ಮಾಡದಿರುವುದು ಎಂದಾಯಿತು. ವ್ಯಾಂಪೈರ್ ದಾಖಲೆಯಿಂದ ಕಥಾಸಾಹಿತ್ಯಕ್ಕೆ ದಾಟಿದ್ದು ಆಮೇಲೆ.

ದಾಟುವಾಗ ರೈತನಾಗಿದ್ದ ವ್ಯಾಂಪೈರ್ ಶ್ರೀಮಂತನಾದ. ಬೈರನ್‌ನ ವೈದ್ಯನಾಗಿದ್ದ ಜಾನ್ ಪೊಲಿಡೊರಿಯ ಕಥೆ 1819ರಲ್ಲಿ, ಬೈರನ್‌ನ ಹೆಸರಿನಲ್ಲೇ, ಅಚ್ಚಾಯಿತು. ಅದರ ವ್ಯಾಂಪೈರ್ ಲಾರ್ಡ್ ರುತ್ವೆನ್ ಸಾಯುವುದೇ ಇಲ್ಲ. ಅವನ ಗುಟ್ಟು ಬಲ್ಲ ಆಬ್ರಿ ಒಂದು ವರ್ಷ ಒಂದು ದಿನ ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿರುತ್ತಾನೆ. ಆ ಆಣೆಯನ್ನು ಮುರಿಯಲಾರದೆ ಒದ್ದಾಡುತ್ತಾನೆ, ಅಷ್ಟರಲ್ಲಿ ರುತ್ವೆನ್ ಆಬ್ರಿಯ ತಂಗಿಯನ್ನೇ ಮದುವೆಯಾಗಿ ಕೊಂದು ಮಾಯವಾಗುತ್ತಾನೆ. ರುತ್ವೆನ್‌ನನ್ನು ಕಾಪಾಡಿದ್ದು ಕುಲೀನರ ನಡುವಿನ ಮಾತಿನ ಮರ್ಯಾದೆ. ಕಿಸಿಲ್ಯೆವೊದ ರೈತರಿಗೆ ಅಂಥ ಮರ್ಯಾದೆಯ ಹಂಗಿರಲಿಲ್ಲ.

ಶೆರಿಡನ್ ಲೆ ಫಾನುವಿನ ‘ಕಾರ್ಮಿಲ್ಲಾ’ (1871-72) ನನ್ನ ವಾದಕ್ಕೆ ಅತ್ಯಂತ ಮುಖ್ಯವಾದ ಕೃತಿ. ಸ್ಟೈರಿಯಾದ ಒಂಟಿ ಕೋಟೆಮನೆಯಲ್ಲಿ ಲಾರಾ ಎಂಬ ಹುಡುಗಿಗೂ ಅತಿಥಿಯಾಗಿ ಬಂದ ಕಾರ್ಮಿಲ್ಲಾಳಿಗೂ ಬೆಳೆಯುವ ಒಲವನ್ನು ವಿಮರ್ಶಕರು ವಿಪುಲವಾಗಿ ಚರ್ಚಿಸಿದ್ದಾರೆ. ಕೊನೆಯ ಬಗ್ಗೆ ಅಷ್ಟು ಚರ್ಚೆಯಿಲ್ಲ. ಕಾರ್ಮಿಲ್ಲಾಳ ಗೋರಿ ತೆರೆದು, ಗೂಟ ಹೊಡೆದು, ತಲೆ ಕಡಿದು, ಸುಟ್ಟು, ಬೂದಿಯನ್ನು ನದಿಗೆ ಚೆಲ್ಲುವುದು ವೈದ್ಯರ ಸಮ್ಮುಖದಲ್ಲಿ, ಸಾಮ್ರಾಟನ ಆಯೋಗದ ಮುಂದೆ. 1732ರ ಮಹಜರಿನ ಅಚ್ಚು ಇಲ್ಲಿ ಹಾಗೆಯೇ ಕಾಣುತ್ತದೆ. ಲಾರಾ ಅದನ್ನು ಕಣ್ಣಾರೆ ಕಂಡವಳಲ್ಲ. ತಂದೆಯ ಬಳಿಯಿದ್ದ, ಹಾಜರಿದ್ದವರೆಲ್ಲ ಸಹಿ ಮಾಡಿದ ವರದಿಯ ನಕಲನ್ನು ಓದಿ ನಮಗೆ ಹೇಳುತ್ತಿದ್ದಾಳೆ. ತನ್ನ ಬಾಳಿನ ಅತ್ಯಂತ ತೀವ್ರ ಸಂಬಂಧದ ಅಂತ್ಯ ಅವಳಿಗೆ ಸಿಗುವುದು ಗಂಡಸರ ಕಾಗದದ ಮೂಲಕ. ಆಮೇಲೂ ಕಾರ್ಮಿಲ್ಲಾಳ ಹೆಜ್ಜೆ ಸಪ್ಪಳ ಕೇಳಿಸಿದಂತಾಗುತ್ತದೆ ಎಂದು ಅವಳು ಹೇಳುವಾಗ, ವರದಿ ಮುಚ್ಚಿದ ಕಡತವನ್ನು ನಿರೂಪಕಿ ಮತ್ತೆ ತೆರೆಯುತ್ತಾಳೆ. ಸ್ಟೋಕರ್ ಮೊದಲು ತನ್ನ ಕಾದಂಬರಿಯನ್ನೂ ಸ್ಟೈರಿಯಾದಲ್ಲೇ ಇಡಲು ಯೋಚಿಸಿದ್ದನೆಂದು, ಈಗ ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯದಲ್ಲಿರುವ ಅವನ ಟಿಪ್ಪಣಿಗಳಿಂದ ತಿಳಿಯುತ್ತದೆ.

‘ಡ್ರಾಕುಲಾ’ದಲ್ಲಿ ಆಯೋಗವಿಲ್ಲ, ಪೊಲೀಸರಿಲ್ಲ, ರಾಜ್ಯವೇ ಇಲ್ಲ. ಇರುವುದು ವಕೀಲ, ವೈದ್ಯರಿಬ್ಬರು, ಜಮೀನುದಾರ ಲಾರ್ಡ್, ಅಮೆರಿಕದ ಸಾಹಸಿ, ಮತ್ತು ಎಲ್ಲರ ಡೈರಿಗಳನ್ನೂ ಟೈಪ್ ಮಾಡಿ ಜೋಡಿಸುವ ಮೀನಾ. ಫೋನೋಗ್ರಾಫ್, ತಂತಿ ಸಂದೇಶ, ರೈಲಿನ ವೇಳಾಪಟ್ಟಿ ಅವರ ಆಯುಧಗಳು. ಮೀನಾಗೆ ರೈಲು ವೇಳಾಪಟ್ಟಿ ಬಾಯಿಪಾಠ. ಡ್ರಾಕುಲಾ ಕಚ್ಚಿದ, ಮೀನಾಳ ಗೆಳತಿ ಲೂಸಿಗೆ ನಾಲ್ವರು ಗಂಡಸರು ಸರದಿಯ ಮೇಲೆ ನೆತ್ತರು ಕೊಡುತ್ತಾರೆ. ಕಾರ್ಲ್ ಲಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಪ್ರಕಟಿಸಿದ್ದು 1901ರಲ್ಲಿ. ಆದ್ದರಿಂದ ಇಲ್ಲಿ ಗುಂಪಿನ ಪ್ರಶ್ನೆಯೇ ಏಳುವುದಿಲ್ಲ, ಗಟ್ಟಿಮುಟ್ಟಾದ ಗಂಡಸಿನ ನೆತ್ತರು ಎಂಬುದೇ ಅರ್ಹತೆ. ಹೊಸ ವೃತ್ತಿಪರ ಮಧ್ಯಮವರ್ಗಕ್ಕೆ ತನ್ನ ಸಾಮರ್ಥ್ಯದ ಮೇಲೆ ಎಷ್ಟು ಭರವಸೆಯಿತ್ತೆಂದರೆ ಅದು ಯಾರ ಅನುಮತಿಯನ್ನೂ ಕೇಳುವುದಿಲ್ಲ. ಡ್ರಾಕುಲಾ ಕುಲೀನ ಕೌಂಟ್, ಅವನನ್ನು ಮುಗಿಸುವುದು ಹೆಚ್ಚಾಗಿ ಸಂಬಳ ಶುಲ್ಕಗಳ ಮೇಲೆ ಬದುಕುವ ಜನ ಎಂಬುದನ್ನು ಗಮನಿಸಿದರೆ, ಮೊರೆಟ್ಟಿಯವರ ಬಂಡವಾಳದ ಓದಿಗಿಂತ ಅರಾಟಾ ಅವರ ಓದು ಪಠ್ಯಕ್ಕೆ ಹೆಚ್ಚು ಹತ್ತಿರವೆಂದು ನನಗನಿಸುತ್ತದೆ. ಕುಕ್ರಿ ಅದಕ್ಕೆ ಸಾಕ್ಷಿ.

ಬಂಡವಾಳದ ವ್ಯಾಂಪೈರ್ ಬೇಕಾದರೆ ಮಾರ್ಕ್ಸ್‌ನಲ್ಲೇ ಹುಡುಕುವುದು ಲೇಸು. ‘ಬಂಡವಾಳ’ದ ಮೊದಲ ಸಂಪುಟದಲ್ಲಿ (1867), ದುಡಿಮೆಯ ದಿನವನ್ನು ಕುರಿತ ಅಧ್ಯಾಯದಲ್ಲಿ, ಈ ರೂಪಕ ಮರಳಿ ಮರಳಿ ಬರುತ್ತದೆ. ಅದನ್ನು ಎತ್ತಿಹೇಳುವವರು ಹೆಚ್ಚಾಗಿ ರೂಪಕವಿರುವ ಒಂದು ವಾಕ್ಯಕ್ಕೆ ನಿಲ್ಲುತ್ತಾರೆ. ಅಧ್ಯಾಯವನ್ನು ಕೊನೆಯವರೆಗೆ ಓದಿದರೆ ಮಾರ್ಕ್ಸ್ ಪರಿಹಾರವನ್ನೂ ಹೇಳಿದ್ದಾನೆ: ಕಾರ್ಮಿಕರು ಒಟ್ಟಾಗಿ ದುಡಿಮೆಯ ಗಂಟೆಗಳಿಗೆ ಮಿತಿ ಹಾಕುವ ಕಾನೂನನ್ನು ಪಡೆದುಕೊಳ್ಳಬೇಕು. ಗೂಟವಲ್ಲ, ಶಿಲುಬೆಯಲ್ಲ, ಶಾಸನ. ಗಡಿಯಾರ ನೋಡಿ ಗಿರಣಿಯ ಬಾಗಿಲು ಮುಚ್ಚಿಸುವ ಶಾಸನ.

ಮುರ್ನಾವ್‌ನ ‘ನೊಸ್ಫೆರಾಟು’ (1922) ಸ್ಟೋಕರ್‌ನ ಕಥೆಯನ್ನು ಕದ್ದು, ಕೊನೆಯನ್ನು ಮಾತ್ರ ತಾನೇ ಕಟ್ಟಿತು. ಸೂರ್ಯನ ಬೆಳಕು ವ್ಯಾಂಪೈರನ್ನು ಕೊಲ್ಲುತ್ತದೆಂಬುದು ಇಂದು ಮಕ್ಕಳಿಗೂ ಗೊತ್ತು. ಅದು ಫ್ರೋಂಬಾಲ್ಡ್, ಫ್ಲೂಕಿಂಗರ್‌ರ ವರದಿಗಳಲ್ಲಿಲ್ಲ. ಸ್ಟೋಕರ್‌ನಲ್ಲೂ ಇಲ್ಲ, ಅವನ ಡ್ರಾಕುಲಾ ಹಾಡುಹಗಲೇ ಲಂಡನ್ನಿನ ಪಿಕಡಿಲಿಯಲ್ಲಿ ಓಡಾಡುತ್ತಾನೆ. ಚಿತ್ರದ ವ್ಯಾಂಪೈರ್ ಕೌಂಟ್ ಓರ್ಲಾಕ್‌ನನ್ನು ಎಲೆನ್ ಎಂಬ ಹೆಂಗಸು ಕೋಳಿ ಕೂಗುವವರೆಗೆ ತನ್ನ ಬಳಿ ತಡೆದಿಟ್ಟುಕೊಳ್ಳುತ್ತಾಳೆ. ಅವನು ಬೆಳಕಿನಲ್ಲಿ ಕರಗಿಹೋಗುತ್ತಾನೆ, ಅವಳೂ ಸಾಯುತ್ತಾಳೆ. ಪ್ರೊಫೆಸರ್ ತಲುಪುವಾಗ ಎಲ್ಲ ಮುಗಿದಿರುತ್ತದೆ. ‘ಡ್ರಾಕುಲಾ’ದ ವೈದ್ಯ ವಾನ್ ಹೆಲ್ಸಿಂಗ್‌ನ ಸ್ಥಾನದಲ್ಲಿರುವ ಈ ವಿದ್ವಾಂಸ ಇಡೀ ಚಿತ್ರದಲ್ಲಿ ಕೀಟ ಹಿಡಿಯುವ ಗಿಡದ ಪಾಠ ಹೇಳುವುದನ್ನು ಬಿಟ್ಟರೆ ಏನನ್ನೂ ಸಾಧಿಸುವುದಿಲ್ಲ. ಒಂದು ಮಹಾಯುದ್ಧವನ್ನೂ 1918ರ ಜ್ವರವನ್ನೂ ದಾಟಿ ಬಂದ ಜರ್ಮನಿಯಲ್ಲಿ ಪರಿಣತರ ಮೇಲಿನ ನಂಬಿಕೆ ಹೀಗೆ ಕುಸಿದಿದ್ದುದು ಆಶ್ಚರ್ಯವಲ್ಲ. ಸಿನಿಮಾಕ್ಕೆ ಬೆಳಕೇ ಮಾಧ್ಯಮವಾದ್ದರಿಂದ ಈ ಸಾವು ಬೇರೆ ಕಲೆಗಿಂತ ಅಲ್ಲಿಯೇ ಸಹಜವಾಗಿ ಹುಟ್ಟಿತೆಂದೂ ಹೇಳಬಹುದು.

ಇನ್ನೊಂದು ದೃಶ್ಯವನ್ನು ಬಿಡುವಂತಿಲ್ಲ. ಊರಲ್ಲಿ ಪ್ಲೇಗು ಹಬ್ಬಿದಾಗ ಜನ ನಾಕ್ ಎಂಬ ಬುದ್ಧಿಗೆಟ್ಟ ಮನೆದಲ್ಲಾಳಿಯನ್ನು ಬೀದಿಬೀದಿ ಅಟ್ಟಿಸಿಕೊಂಡು ಹೋಗುತ್ತಾರೆ. ಓರ್ಲಾಕ್‌ನ ಮೂಗು, ಉಗುರು, ಅವನೊಂದಿಗೆ ಬರುವ ಇಲಿಗಳು ಆ ಕಾಲದ ಯಹೂದಿದ್ವೇಷದ ಚಿತ್ರಗಳನ್ನು ಹೋಲುತ್ತವೆಂಬ ಆಕ್ಷೇಪ ಗಂಭೀರವಾದದ್ದು, ಅದನ್ನು ನಾನು ಒಪ್ಪುತ್ತೇನೆ. ಆದರೆ ಗುಂಪು ತಪ್ಪು ಮನುಷ್ಯನನ್ನು ಬೇಟೆಯಾಡುತ್ತಿದೆ ಎಂಬುದನ್ನೂ ಅದೇ ಚಿತ್ರ ತೋರಿಸುತ್ತದೆ. ಪರಿಹಾರವನ್ನು ಓದುವ ಕ್ರಮದಿಂದ ಈ ಎರಡನ್ನೂ ಒಟ್ಟಿಗೆ ಹಿಡಿಯಲು ಸಾಧ್ಯ. ಸ್ಟೋಕರ್‌ನ ವಿಧವೆ ಫ್ಲಾರೆನ್ಸ್ ಹೂಡಿದ ಕೃತಿಸ್ವಾಮ್ಯದ ಮೊಕದ್ದಮೆಯಲ್ಲಿ, ಚಿತ್ರದ ಎಲ್ಲ ಪ್ರತಿಗಳನ್ನೂ ನಾಶ ಮಾಡಬೇಕೆಂದು 1925ರಲ್ಲಿ ಆದೇಶವಾಯಿತು. ಕೆಲವು ಪ್ರತಿಗಳು ಹೇಗೋ ಉಳಿದವು.

ಶಿಲುಬೆಗೆ ಅಧಿಕಾರವಿಲ್ಲದ ಕಡೆ ಏನಾಗುತ್ತದೆ? 1953ರ ತುರ್ಕಿ ಚಿತ್ರ ‘ಡ್ರಾಕುಲಾ ಇಸ್ತಾಂಬುಲ್‌ದಾ’ ಶಿಲುಬೆಯನ್ನು ಕೈಬಿಟ್ಟು ಬೆಳ್ಳುಳ್ಳಿಯ ಮೇಲೆ ಭಾರ ಹಾಕುತ್ತದೆ. ಆಟೊಮನ್ ಸೈನಿಕರನ್ನು ಗೂಟಕ್ಕೇರಿಸಿ ಕೊಂದ 15ನೆಯ ಶತಮಾನದ ವ್ಲಾಡ್‌ನೊಂದಿಗೆ ಡ್ರಾಕುಲಾನನ್ನು ಅದು ನೇರವಾಗಿ ಜೋಡಿಸುತ್ತದೆ. ತುರ್ಕರಿಗೆ ಆತ ದೂರದ ಕಲ್ಪನೆಯಲ್ಲ, ಚರಿತ್ರೆಯ ಹಳೆಯ ಶತ್ರು. ಲಾಹೋರಿನಲ್ಲಿ ತಯಾರಾದ ‘ಜಿಂದಾ ಲಾಶ್’ (1967) ಇನ್ನೂ ದೂರ ಹೋಗುತ್ತದೆ. ಅಲ್ಲಿನ ಪ್ರೊಫೆಸರ್ ತಬಾನಿ ಯಾರಿಂದಲೂ ಕಚ್ಚಿಸಿಕೊಂಡವನಲ್ಲ. ಅಮರತ್ವದ ಔಷಧಿಯನ್ನು ಪ್ರಯೋಗಶಾಲೆಯಲ್ಲಿ ತಾನೇ ತಯಾರಿಸಿ ಕುಡಿದವನು. ಸ್ಟೋಕರ್‌ನಲ್ಲಿ ರೋಗ ಹಳೆಯದು, ಮದ್ದು ಆಧುನಿಕ. ಇಲ್ಲಿ ಆಧುನಿಕತೆಯೇ ರೋಗ, ಮದ್ದು ಬಿಸಿಲು. ಕಥೆಯ ಚೌಕಟ್ಟು ಅದೇ ಉಳಿದು ನಂಬಿಕೆ ತಲೆಕೆಳಗಾದ ಈ ಚಿತ್ರವನ್ನು ಕುತೂಹಲದ ವಸ್ತುವೆಂದು ಪಕ್ಕಕ್ಕಿಡುವುದು ಅನ್ಯಾಯ.

ಭಾರತದ ನಂಟು ಒಂದಿದೆ, ಅದನ್ನು ಅಳತೆ ಮೀರಿ ಹಿಗ್ಗಿಸಬಾರದು. ರಿಚರ್ಡ್ ಬರ್ಟನ್ 1870ರಲ್ಲಿ ಬೇತಾಳ ಕಥೆಗಳಲ್ಲಿ ಕೆಲವನ್ನು ವಿಕ್ರಮ ಮತ್ತು ವ್ಯಾಂಪೈರ್ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದ. ಸ್ಟೋಕರ್‌ಗೆ ಅವನ ಪರಿಚಯವಿತ್ತು. ನಟ ಹೆನ್ರಿ ಇರ್ವಿಂಗ್ ಕುರಿತ ನೆನಪುಗಳಲ್ಲಿ (1906) ಬರ್ಟನ್ ಮಾತಾಡುವಾಗ ಕಾಣುತ್ತಿದ್ದ ಕೋರೆಹಲ್ಲನ್ನೂ ಬಣ್ಣಿಸಿದ್ದಾನೆ. ಇದರಿಂದ ಡ್ರಾಕುಲಾನ ಬೇರು ನಮ್ಮಲ್ಲಿದೆ ಎನ್ನಲಾಗದು. ಬೇತಾಳ ನೆತ್ತರು ಹೀರಲು ಬಂದವನಲ್ಲ, ಪ್ರಶ್ನೆ ಕೇಳಲು ಬಂದವನು. ಅವನ ಎಚ್ಚರಿಕೆಯಿಂದಲೇ ರಾಜ ಉಳಿಯುತ್ತಾನೆ, ತಲೆ ಹೋಗುವುದು ಸನ್ಯಾಸಿಯದು. ಕೊನೆಯಿಂದ ಓದಿದರೆ ಇವೆರಡೂ ಒಂದೇ ಜಾತಿಯ ಕಥೆಗಳಲ್ಲವೆಂಬುದು ಸ್ಪಷ್ಟ.

ಲೂಯಿಸ್ ವೈಟ್ ಅವರ 2000ದ ಅಧ್ಯಯನ ಈ ಕ್ಷೇತ್ರದಲ್ಲಿ ನಾನು ಅತ್ಯಂತ ಗೌರವಿಸುವ ಪುಸ್ತಕ. ವಸಾಹತು ಕಾಲದ ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲಿ, ಬೆಂಕಿ ಆರಿಸುವ ದಳದವರು ಆಫ್ರಿಕನ್ನರನ್ನು ಹಿಡಿದು ಬಿಳಿಯರಿಗಾಗಿ ನೆತ್ತರು ತೆಗೆಯುತ್ತಾರೆಂಬ ವದಂತಿ ಹರಡಿತ್ತು. ಸ್ವಾಹಿಲಿ ಮಾತಾಡುವವರು ಅವರನ್ನು ‘ವಾಜಿಮಮೋಟೊ’ ಎನ್ನುತ್ತಿದ್ದರು. ವದಂತಿ ನಿಜವೋ ಸುಳ್ಳೋ ಎಂದು ಕೇಳದೆ, ಜನ ತಮ್ಮ ಬದುಕನ್ನು ವಿವರಿಸಲು ಅದನ್ನು ಹೇಗೆ ಬಳಸಿದರು ಎಂದು ವೈಟ್ ಕೇಳಿದರು. ನನ್ನ ಪ್ರಶ್ನೆಗಳನ್ನು ಇಲ್ಲಿಗೆ ತಂದಾಗ ಕಾಣುವುದು ಭೀಕರ. ಗುರುತಿಸುವವರು ಜನ. ಆದರೆ ದೂರು ಕೊಡಬೇಕಾದ ಪೊಲೀಸು, ತೋರಿಸಿಕೊಳ್ಳಬೇಕಾದ ವೈದ್ಯ, ಸಮವಸ್ತ್ರ ತೊಟ್ಟ ಸಿಬ್ಬಂದಿ ಎಲ್ಲರೂ ಆರೋಪಿಯ ಪಕ್ಷದವರೇ. ಸ್ಟೋಕರ್‌ನ ವೈದ್ಯ ಹಿಡಿದ ಸೂಜಿಯೇ ಇಲ್ಲಿ ವ್ಯಾಂಪೈರಿನ ಹಲ್ಲು.

1950ರ ನಂತರ ಪರಿಹಾರದ ಮೇಲಿನ ನಂಬಿಕೆ ಪಶ್ಚಿಮದಲ್ಲೂ ಬಿರುಕು ಬಿಡುತ್ತದೆ. ರಿಚರ್ಡ್ ಮ್ಯಾಥಿಸನ್‌ನ 1954ರ ಕಾದಂಬರಿ ‘ಐ ಆ್ಯಮ್ ಲೆಜೆಂಡ್’ನಲ್ಲಿ ರೋಗಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ. ಹಿಂದೂವಾಗಲಿ ಮುಸಲ್ಮಾನನಾಗಲಿ ನಾಸ್ತಿಕನಾಗಲಿ ಶಿಲುಬೆಗೆ ಯಾಕೆ ಹೆದರಬೇಕೆಂದು ಆ ಕೃತಿಯೇ ಕೇಳುತ್ತದೆ. ಹಗಲು ಹೊತ್ತು ಗೂಟ ಹಿಡಿದು ಮನೆಮನೆ ಹೊಕ್ಕು ಕೊಲ್ಲುವ ನೆವಿಲ್, ರೋಗದೊಂದಿಗೆ ಬಾಳಲು ಕಲಿತವರ ಹೊಸ ಸಮಾಜಕ್ಕೆ ತಾನೇ ಭೂತವಾಗಿ ತೋರುತ್ತಾನೆ. ಆನ್ ರೈಸ್‌ಳ 1976ರ ಕಾದಂಬರಿಯಲ್ಲಿ ಲೂಯಿ ಎಂಬ ವ್ಯಾಂಪೈರ್ ತನ್ನ ಕಥೆಯನ್ನು ಟೇಪ್ ರೆಕಾರ್ಡರ್ ಮುಂದೆ ಹೇಳಿಕೊಳ್ಳುತ್ತಾನೆ. ಕೇಳುತ್ತಿರುವ ಹುಡುಗನಿಗೆ ಕೊಲ್ಲುವ ಯೋಚನೆಯಿಲ್ಲ, ತಾನೂ ಹಾಗೆಯೇ ಆಗಬೇಕೆಂಬ ಆಸೆ. ಇದನ್ನು ವ್ಯಾಂಪೈರಿನ ಬಗ್ಗೆ ಸಹಾನುಭೂತಿ ಬೆಳೆದ ಕಥೆಯೆಂದು ಕೊಂಡಾಡುವುದಿದೆ. ನನಗೆ ಅಷ್ಟು ನಿರಾಳವಾಗಿ ಹಾಗೆನ್ನಲು ಆಗುವುದಿಲ್ಲ. ಲೂಯಿ ಲೂಯಿಸಿಯಾನಾದ ಜಮೀನುದಾರ, ಗುಲಾಮರ ಒಡೆಯ. ಅವನೂ ಅವನ ಜೊತೆಗಾರನೂ ಏನೆಂಬ ಅನುಮಾನ ಮೊದಲು ಮೊಳೆಯುವುದು ಆ ಗುಲಾಮರಲ್ಲಿ. ಟೇಪಿನಲ್ಲಿ ಅವರ ದನಿ ಇಲ್ಲ, ಅವರ ಬಗ್ಗೆ ಲೂಯಿ ಹೇಳಿದ್ದಷ್ಟೇ ಇದೆ.

ಅದಕ್ಕೆ ನಾಲ್ಕು ವರ್ಷ ಮುಂಚೆ, 1972ರಲ್ಲಿ, ವಿಲಿಯಂ ಕ್ರೇನ್ ನಿರ್ದೇಶಿಸಿದ ‘ಬ್ಲಾಕ್ಯುಲಾ’ ಗುಲಾಮಗಿರಿಯನ್ನು ಕಥೆಯ ಬುಡದಲ್ಲೇ ಇಟ್ಟಿತ್ತು. ಆಫ್ರಿಕದ ರಾಜಕುಮಾರ ಮಾಮುವಾಲ್ಡೆ 1780ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಲು ನೆರವು ಕೇಳಿ ಡ್ರಾಕುಲಾನ ಕೋಟೆಗೆ ಹೋಗುತ್ತಾನೆ; ಡ್ರಾಕುಲಾ ಅವನನ್ನು ಅವಮಾನಿಸಿ, ಕಚ್ಚಿ, ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾನೆ. 20ನೆಯ ಶತಮಾನದ ಲಾಸ್ ಏಂಜಲೀಸಿನಲ್ಲಿ ಎಚ್ಚೆತ್ತ ಮಾಮುವಾಲ್ಡೆ, ತಾನು ಪ್ರೀತಿಸಿದವಳು ಸತ್ತ ಮೇಲೆ, ಬೇಟೆಗಾರರು ನೋಡುತ್ತಿರುವಂತೆಯೇ ಮೆಟ್ಟಿಲು ಹತ್ತಿ ತಾನಾಗಿ ಬಿಸಿಲಿಗೆ ಬರುತ್ತಾನೆ. ಈ ಚಿತ್ರ ನನ್ನ ಪ್ರಶ್ನೆಗಳ ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಗುರುತಿಸುವವನು, ಅನುಮತಿ ಕೊಡುವವನು, ಆಯುಧ ಹಿಡಿಯುವವನು ಮೂವರೂ ವ್ಯಾಂಪೈರಿಗಿಂತ ಬೇರೆಯವರು ಎಂಬ ಊಹೆಯ ಮೇಲೆ ಆ ಚೌಕಟ್ಟು ನಿಂತಿದೆ. ಮಾಮುವಾಲ್ಡೆ ಆ ಮೂರೂ ಆಗಿದ್ದಾನೆ, ಮೇಲಾಗಿ ಅವನೇ ಬಲಿಯಾದವನು. ‘ಬ್ಲಾಕ್ಯುಲಾ’ವನ್ನೂ ವೈಟ್ ಸಂಗ್ರಹಿಸಿದ ಆಫ್ರಿಕದ ವದಂತಿಗಳನ್ನೂ ಅಕ್ಕಪಕ್ಕ ಇಟ್ಟು ಓದುವುದು ಈ ಅಧ್ಯಯನದ ಮುಂದಿನ ಹಂತದ ಕೆಲಸ.